ಗಿಲ್ಟಿ, ಗಲ್ತಿ, ತಪ್ಪಾಯ್ತು

ಪಕ್ಕದ ಮನೆಯ ಚೈತ್ರಾ ಕಾನೂನು ಪದವಿ ಮುಗಿಸಿ ಸೇನೆಯ ಕಾನೂನು ವಿಭಾಗಕ್ಕೆ ಸೇರಲು ತಯಾರಿ ನಡೆಸಿದ್ದಾಳೆ. ನಾನು ಅದೇ ವಿಭಾಗದ ಕಚೇರಿಗಳಲ್ಲಿ ಶೀಘ್ರಲಿಪಿಕಾರನಾಗಿ, ಬೇಕಾದಾಗ ಕೋರ್ಟ್ ಮಾರ್ಷಲ್‌ಗಳಲ್ಲಿ ಕನ್ನಡದ ದುಭಾಷಿಯಾಗಿ ದುಡಿದು, ಸುಬೇದಾರನಾಗಿ ನಿವೃತ್ತನಾದವನು. ಹಾಗಾಗಿ ಒಂದು ಸಂಜೆ ಅವಳು ಲ್ಯಾಪ್‌ಟಾಪ್ ಹಿಡಿದುಕೊಂಡು ಕುಂಬಾರಕೊಪ್ಪಲಿನ ನಮ್ಮ ಮನೆಗೆ ಬಂದಳು.

"ಅಂಕಲ್, ಮಿಲಿಟರಿ ಕೋರ್ಟಿನ ಮೇಲೆ ಒಂದು ಸೀರೀಸ್ ಬಂದಿದೆ. ಎಲ್ಲಿ ಸರಿ, ಎಲ್ಲಿ ತಪ್ಪು ಹೇಳಿ. ಇಂಟರ್‌ವ್ಯೂನಲ್ಲಿ ಇಂಥದ್ದು ಕೇಳ್ತಾರಂತೆ."

"ತಪ್ಪು ಹುಡುಕೋದನ್ನ ಇವರಿಗೆ ಹೇಳ್ಕೊಡ್ಬೇಕಾ?" ಎಂದಳು ಒಳಗಿನಿಂದ ನನ್ನ ಹೆಂಡತಿ. "ಮದುವೆ ವಿಡಿಯೋ ಹಾಕಿದ್ರೂ ಗಂಡಿನ ಶೂ ಪಾಲಿಶ್ ಆಗಿಲ್ಲ ಅಂತಾರೆ."

ಆ ಸೀರೀಸ್ ನೋಡುತ್ತ ಚೈತ್ರಾಳಿಗೆ ಹೇಳಿದ್ದನ್ನು, ಅದರ ನಡುವೆ ಅವರ ಮನೆಯಲ್ಲಿ ಆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರುಗಳನ್ನು ಬದಲಾಯಿಸಿದ್ದೇನೆ. ತುಕಡಿಗಳ ಹೆಸರನ್ನೂ ಅವು ಇದ್ದ ಊರುಗಳನ್ನೂ ಬಿಟ್ಟಿದ್ದೇನೆ. ಈ ಕೆಲಸಕ್ಕೆ ಹೋಗುವ ಹುಡುಗ ಹುಡುಗಿಯರಿಗಾಗಿ ಬರೆದದ್ದು. ಅವರಿಗೆ ಬೇಕಾದದ್ದು ನನ್ನ ಬಡ್ತಿಗಳ ವಿವರವಲ್ಲ.

ಸೀರೀಸಿನ ಕಥೆ ಇಷ್ಟು. ಕಾವಲು ಬಿಟ್ಟು ಹೋದನೆಂಬ ಆರೋಪ ಹೊತ್ತ ಒಬ್ಬ ಸಿಪಾಯಿ; ಅವನ ಪರ ವಾದಿಸುವ ಒಬ್ಬ ಯುವ ಮೇಜರ್. ಮೊದಲ ಕಂತಿನಲ್ಲೇ ನ್ಯಾಯಾಲಯದ ಅಧ್ಯಕ್ಷರು ಮರದ ಸುತ್ತಿಗೆಯಿಂದ ಮೇಜು ಕುಟ್ಟಿದರು. ಅಲ್ಲಿ ಸುತ್ತಿಗೆ ಇರುವುದಿಲ್ಲ ಎಂದೆ. ನೀರಿನ ಲೋಟ ಇರುತ್ತದೆ, ನಿಯಮಗಳ ಪುಸ್ತಕ ಇರುತ್ತದೆ, ಚೂಪು ಮಾಡಿಟ್ಟ ಪೆನ್ಸಿಲ್ಲುಗಳು ಇರುತ್ತವೆ. ಮೇಜು ಕುಟ್ಟುವ ಅಗತ್ಯವೇ ಬೀಳುವುದಿಲ್ಲ, ಯಾಕೆಂದರೆ ಅಲ್ಲಿ ಯಾರೂ ಗಲಾಟೆ ಮಾಡುವುದಿಲ್ಲ. ನನ್ನ ಅನುಭವದಲ್ಲಿ ಆ ಕೋಣೆಯ ಭಯ ಇದ್ದದ್ದು ಅದರ ನಿಶ್ಶಬ್ದದಲ್ಲಿ.

ಆದರೆ ಎರಡನೆಯ ಕಂತಿನ ಒಂದು ದೃಶ್ಯದಲ್ಲಿ ನನಗೆ ತಪ್ಪು ಸಿಗಲಿಲ್ಲ. ಆರೋಪಿಯನ್ನು ಒಳಗೆ ಕರೆಯುವ ಮೊದಲು ಅವನ ಟೋಪಿ, ಬೆಲ್ಟು ತೆಗೆಸುತ್ತಾರೆ. ಹೊರಗೆ ಬೆಂಚಿನ ಮೇಲೆ ಕಾಯುವಾಗ ಆ ನಟನ ಕೈ ಮತ್ತೆ ಮತ್ತೆ ಸೊಂಟಕ್ಕೆ ಹೋಗಿ, ಅಲ್ಲಿ ಏನೂ ಸಿಗದೆ ವಾಪಸು ಬರುತ್ತದೆ. ನಾನು ನೋಡಿದ ಎಲ್ಲ ಆರೋಪಿಗಳ ಕೈಯೂ ಹಾಗೇ ಹೋಗುತ್ತಿತ್ತು. ಇದನ್ನು ಬರೆದವರು ಯಾರೋ, ಆ ಬೆಂಚಿನ ಮೇಲೆ ಕೂತಿದ್ದವರನ್ನು ಕೇಳಿ ಬರೆದಿದ್ದಾರೆ.

ಇನ್ನೊಂದು ಸರಿಯಾದ ಸಂಗತಿ, ಸಾಕ್ಷಿಯ ಕಣ್ಣು. ಸೀರೀಸಿನಲ್ಲಿ ಒಬ್ಬ ಹವಾಲ್ದಾರ ಪ್ರತಿ ಉತ್ತರಕ್ಕೂ ಮೊದಲು ತನ್ನ ಮೇಲಧಿಕಾರಿಯ ಕಡೆ ನೋಡುತ್ತಾನೆ. ನಮ್ಮಲ್ಲಿ ಒಬ್ಬ ಕರ್ನಲ್ ಇದ್ದರು, ನ್ಯಾಯಾಲಯಕ್ಕೆ ಕಾನೂನು ಸಲಹೆ ಕೊಡುವ ಅಧಿಕಾರಿ. ಬಹಳ ಕಟುವಾದ ಮನುಷ್ಯ. ನನ್ನ ಟೈಪಿಂಗ್‌ನಲ್ಲಿ ಒಂದು ಅಲ್ಪವಿರಾಮ ತಪ್ಪಿದರೂ ಇಡೀ ಹಾಳೆಯನ್ನು ಹರಿಯುತ್ತಿದ್ದರು. ಆದರೆ ವಿಚಾರಣೆಯ ದಿನ ಎಲ್ಲರಿಗಿಂತ ಮೊದಲು ಬಂದು, ಸಾಕ್ಷಿಯ ಕುರ್ಚಿಯನ್ನು ತಾವೇ ಎಳೆದು ತಿರುಗಿಸಿಡುತ್ತಿದ್ದರು. ಅಲ್ಲಿ ಕೂತವನಿಗೆ ತನ್ನ ಸಾಹೇಬರ ಮುಖ ಕಾಣಬಾರದು, ಅಷ್ಟೇ. ಅದನ್ನು ಅವರು ಯಾರಿಗೂ ವಿವರಿಸಲಿಲ್ಲ. ನಾನೂ ಕೇಳಲಿಲ್ಲ, ನೋಡಿ ತಿಳಿದುಕೊಂಡೆ.

ಕೊನೆಯ ಕಂತಿನ ತೀರ್ಪು ಮಾತ್ರ ನನಗೆ ಸಹಿಸಲಾಗಲಿಲ್ಲ. ಎಲ್ಲರಿಗಿಂತ ಹಿರಿಯರಾದ ಅಧ್ಯಕ್ಷರು ಮೊದಲು ತಮ್ಮ ಅಭಿಪ್ರಾಯ ಹೇಳುತ್ತಾರೆ, ಉಳಿದವರು ಒಬ್ಬೊಬ್ಬರಾಗಿ ತಲೆ ಆಡಿಸುತ್ತಾರೆ. ನಿಯಮ ಇದಕ್ಕೆ ತದ್ವಿರುದ್ಧ. ಎಲ್ಲರಿಗಿಂತ ಕಿರಿಯ ಅಧಿಕಾರಿ ಮೊದಲು ಹೇಳಬೇಕು. ಅಧ್ಯಕ್ಷರಾದ ಕರ್ನಲ್ ಮೊದಲೇ ಬಾಯಿಬಿಟ್ಟರೆ ಕ್ಯಾಪ್ಟನ್ ಬೇರೆ ಮಾತಾಡುವುದು ಕಷ್ಟ ಎಂದು ತಿಳಿದವರು ಆ ನಿಯಮ ಮಾಡಿದ್ದಾರೆ. ಹೇಳಿದ ತೀರ್ಪೂ ಆ ಕ್ಷಣಕ್ಕೇ ಅಂತಿಮವಲ್ಲ, ಮೇಲಿನವರು ದೃಢಪಡಿಸಬೇಕು. ಸೀರೀಸಿನಲ್ಲಿ ಆರೋಪಿ ಅಲ್ಲೇ ಬಿಡುಗಡೆಯಾಗಿ ತಾಯಿಯನ್ನು ತಬ್ಬಿಕೊಂಡ. ನಿಜದಲ್ಲಿ ಅವನು ವಾಪಸು ಕಾವಲಿನ ಕೋಣೆಗೆ ಹೋಗಿ, ಯಾವುದೋ ಊರಿನ ಯಾವುದೋ ಮೇಜಿನಿಂದ ಒಂದು ಸಹಿ ಬರಲೆಂದು ಕಾಯುತ್ತಿರುತ್ತಾನೆ.

"ಆ ಕಾಯೋದನ್ನ ತೋರಿಸಿದ್ರೆ ಯಾರು ನೋಡ್ತಾರೆ ಅಂಕಲ್?" ಎಂದಳು ಚೈತ್ರಾ. ಅದೂ ನಿಜ.

ಅವಳು ನಗಲಿ ಎಂದು ಒಂದೆರಡು ಹಳೆಯ ಪ್ರಸಂಗ ಹೇಳಿದೆ. ಪ್ರಮಾಣವಚನದ ಹೊತ್ತಿಗೆ ನಮ್ಮ ಕಡೆಯ ಒಬ್ಬ ಸಿಪಾಯಿ, "ಯಾವ ದೇವ್ರ ಮೇಲೆ ಸಾರ್?" ಎಂದು ಕೇಳಿದ್ದ. ನಿನ್ನ ದೇವರ ಮೇಲೆ ಎಂದರೆ, "ಮಾದಪ್ಪನ ಮೇಲೆ ಬ್ಯಾಡಿ ಸಾರ್. ಅಪ್ಪಿತಪ್ಪಿ ಒಂದ್ ಮಾತು ಎಚ್ಚುಕಮ್ಮಿ ಆದ್ರೆ ಮನೇಲಿ ಎಮ್ಮೆ ಸತ್ತೋಯ್ತದೆ" ಎಂದ. ಅದನ್ನು ನಾನು ಚಾಚೂ ತಪ್ಪದೆ ಅನುವಾದಿಸಿದೆ. ಅಧ್ಯಕ್ಷರು ಬಹಳ ಹೊತ್ತು ಕಿಟಕಿಯ ಕಡೆ ನೋಡುತ್ತಿದ್ದರು.

ಕಂಪ್ಯೂಟರ್ ಬಂದ ಹೊಸದರಲ್ಲಿ ಇನ್ನೊಂದಾಯಿತು. ಟೈಪ್‌ರೈಟರಿನ ಕಾಲದಲ್ಲಿ ಆರೋಪಪಟ್ಟಿಯನ್ನು ಪ್ರತಿ ಸಲ ಮೊದಲಿಂದ ಹೊಡೆಯಬೇಕಿತ್ತು. ಹೊಸ ಯಂತ್ರದಲ್ಲಿ ಹಳೆಯದನ್ನೇ ತೆಗೆದು ಹೆಸರು ಬದಲಾಯಿಸಿದರೆ ಆಯಿತು. ಒಬ್ಬ ಗುಮಾಸ್ತ ಮೇಲೆ ಹೆಸರು ಬದಲಾಯಿಸಿ ಕೆಳಗೆ ಮರೆತ. ತುಂಬಿದ ಕೋಣೆಯಲ್ಲಿ ಆರೋಪ ಓದಿದಾಗ, ನಿಂತವನು ಒಬ್ಬ, ಕದ್ದವನು ಇನ್ನೊಬ್ಬ. ಎಲ್ಲರೂ ನಗು ತಡೆದುಕೊಂಡರು. ಆರೋಪಿ ಮಾತ್ರ ಏನಾಯಿತೆಂದು ತಿಳಿಯದೆ ನನ್ನ ಮುಖ ನೋಡುತ್ತಿದ್ದ.

ಕೊನೆಗೆ ನನ್ನ ದೊಡ್ಡ ಆಕ್ಷೇಪ ಹೇಳಿದೆ. ಈ ಸೀರೀಸಿನಲ್ಲಿ ಎಲ್ಲರೂ ಒಂದೇ ಹಿಂದಿ ಮಾತಾಡುತ್ತಾರೆ. ಯಾವ ಹಳ್ಳಿಯಿಂದ ಬಂದ ಸಿಪಾಯಿಯಾದರೂ ಕಟಕಟೆಗೆ ಬಂದ ಕೂಡಲೇ ವಕೀಲರಂತೆ ಮಾತಾಡುತ್ತಾನೆ. ದುಭಾಷಿ ಎಂಬ ಮನುಷ್ಯನೇ ಇಲ್ಲ. ನನ್ನ ಕೆಲಸ ಇಲ್ಲವೆಂದು ಬೇಸರವಲ್ಲ. ಒಂದು ಪದ ಒಬ್ಬನ ಬಾಯಿಂದ ಇನ್ನೊಬ್ಬನ ಕಿವಿಗೆ ಹೋಗುವ ದಾರಿಯಲ್ಲಿ ಏನಾಗುತ್ತದೆ ಎಂಬುದೇ ಆ ಕೋಣೆಯ ಅರ್ಧ ಕಥೆ.

ಆ ಮಾತು ಮುಗಿಯುವ ಮೊದಲೇ ಚೈತ್ರಾಳ ತಾಯಿ ಜಯಮ್ಮ ಬಾಗಿಲಿಗೆ ಬಂದರು. ವಿದ್ಯಾರಣ್ಯಪುರಂನ ಒಂದು ಹಾಸ್ಟೆಲಿನಲ್ಲಿ ಅಡುಗೆ ಮಾಡುವವರು. ಸೆರಗಿಗೆ ಕೈ ಒರೆಸುತ್ತಲೇ ಇದ್ದರು, ಕೈ ಒದ್ದೆಯಾಗಿರಲಿಲ್ಲ.

"ಸುಬೇದಾರಣ್ಣ, ಮಾದೇವ ಫೋನ್ ಮಾಡಿದ್ದ. ರಜ ಮುಗುದ್ರೂ ಓಗ್ಲಿಲ್ಲ ಅಂತ ಕೋರ್ಟ್ ಮಾಡ್ತಾರಂತೆ. ಕೆಲ್ಸ ಓಗ್ಬೋದು ಅಂತ ಯಾರೋ ಅಂದ್ರಂತೆ. ನಾನು ಹೇಳ್ಬುಟ್ಟಿದ್ದೀನಿ, ತಪ್ಪಾಯ್ತು ಅಂತ ಸಾಹೇಬ್ರ ಕಾಲಿಗೆ ಬಿದ್ದುಬುಡು ಅಂತ."

ಮಾದೇವ ಜಯಮ್ಮನ ಮಗ, ಚೈತ್ರಾಳ ಅಣ್ಣ. ಸೇನೆಯಲ್ಲಿ ನಾಯಕ್, ತೋಳಿನ ಮೇಲೆ ಎರಡು ಪಟ್ಟಿ. ಅವನು ರಜೆಯಲ್ಲಿ ಬಂದಿದ್ದಾಗ ಅವನ ತಂದೆ ಶಿವಣ್ಣನಿಗೆ ಲಕ್ವ ಹೊಡೆದು ದೊಡ್ಡಾಸ್ಪತ್ರೆಗೆ ಸೇರಿಸಿದ್ದು, ರಜೆ ಮುಗಿದ ಮೇಲೂ ಅವನು ಉಳಿದು ತಡವಾಗಿ ತುಕಡಿಗೆ ಮರಳಿದ್ದು ನಮಗೆಲ್ಲ ಗೊತ್ತಿತ್ತು. ರಜೆ ಮುಂದುವರಿಸಲು ಫೋನಿನಲ್ಲಿ ಕೇಳಿದ್ದ. ಆ ಕಡೆಯವರು "ನೋಡೋಣ" ಎಂದಿದ್ದರಂತೆ. ಯಾರೂ ನೋಡಿರಲಿಲ್ಲ.

ಜಯಮ್ಮನ ಮಾತು ಕೇಳಿ ನಾನು ಹೆದರಿದೆ. ಅವರು ಕೆಟ್ಟ ಸಲಹೆಯನ್ನೇನೂ ಕೊಟ್ಟಿರಲಿಲ್ಲ. ನಮ್ಮ ಕಡೆ ಯಾವ ತಾಯಿಯಾದರೂ ಅದನ್ನೇ ಹೇಳುತ್ತಾಳೆ. ನಾನು ಹೆದರಿದ್ದು ನಿಂಗರಾಜನನ್ನು ನೆನೆದು.

ನಿಂಗರಾಜ ಟಿ. ನರಸೀಪುರದ ಕಡೆಯ ಹುಡುಗ, ಸೇನೆಗೆ ಹೊಸಬ. ಬ್ಯಾರಕ್ಕಿನಲ್ಲಿ ಯಾರದೋ ಗಡಿಯಾರ ಕಳೆದು, ಇವನ ಪೆಟ್ಟಿಗೆಯಲ್ಲಿ ಸಿಕ್ಕಿತ್ತು. ನಡೆದದ್ದು ಸಮರಿ ಕೋರ್ಟ್ ಮಾರ್ಷಲ್. ಅದರಲ್ಲಿ ತುಕಡಿಯ ಕಮಾಂಡಿಂಗ್ ಆಫೀಸರ್, ಅಂದರೆ ಸಿ.ಓ., ಒಬ್ಬರೇ ನ್ಯಾಯಾಲಯ. ಪಕ್ಕದಲ್ಲಿ ಇಬ್ಬರು ಕೂರುತ್ತಾರೆ, ತೀರ್ಪು ಅವರದಲ್ಲ. ಅದಕ್ಕೆ ಮೇಲಿನವರ ದೃಢೀಕರಣವೂ ಬೇಕಿಲ್ಲ, ಆಮೇಲೆ ಪರಿಶೀಲನೆಗೆ ಹೋಗುತ್ತದೆ ಅಷ್ಟೇ. ನನ್ನನ್ನು ದುಭಾಷಿಯಾಗಿ ಕರೆದಿದ್ದರು. ಕೇಳಿದ್ದನ್ನು ಕೇಳಿದಂತೆ, ಹೇಳಿದ್ದನ್ನು ಹೇಳಿದಂತೆ ದಾಟಿಸುತ್ತೇನೆ ಎಂದು ಪ್ರಮಾಣ ಮಾಡಿ ನಿಂತಿದ್ದೆ.

ಆಫೀಸರ್ ನೇರವಾಗಿ ಅವನನ್ನೇ ಕೇಳಿದರು: "ಗಿಲ್ಟಿ ಯಾ ನಾಟ್ ಗಿಲ್ಟಿ?"

ನಾನು ಕನ್ನಡಕ್ಕೆ ತಿರುಗಿಸುವ ಮೊದಲೇ ನಿಂಗರಾಜ, "ಗಲ್ತಿ, ಸಾಬ್" ಎಂದ. ಬ್ಯಾರಕ್ಕಿನಲ್ಲಿ ಅವನು ಕಲಿತ ಮೊದಲ ಹಿಂದಿ ಪದಗಳಲ್ಲಿ ಅದೊಂದು, ತಪ್ಪು ಎಂದು ಅರ್ಥ. ಸಾಲಿನಲ್ಲಿ ಹೆಜ್ಜೆ ತಪ್ಪಿದರೆ ಗಲ್ತಿ, ಗುಂಡಿ ಹಾಕದಿದ್ದರೆ ಗಲ್ತಿ. ಗಿಲ್ಟಿ ಎಂಬುದು ಅವನ ಕಿವಿಗೆ ಗಲ್ತಿ ಎಂದೇ ಕೇಳಿಸಿತ್ತು. ನಾನು ಅನುಮತಿ ಪಡೆದು ಕನ್ನಡದಲ್ಲಿ ಕೇಳಿದೆ: "ಈ ಕಳ್ಳತನದ ಅಪರಾಧ ನೀನು ಮಾಡಿದ್ದೀಯ ಅಂತ ಒಪ್ಕೋತೀಯಾ, ಇಲ್ವಾ?"

"ತಪ್ಪಾಯ್ತು ಸಾರ್, ಬುಟ್ಬುಡಿ."

"ತಪ್ಪಾಯಿತು, ಬಿಟ್ಟುಬಿಡಿ ಎನ್ನುತ್ತಿದ್ದಾನೆ" ಎಂದು ದಾಟಿಸಿದೆ. ಅದು ಹೌದೋ ಅಲ್ಲವೋ ಎಂದು ಆಫೀಸರ್ ಕೇಳಿದರು. ಅವನ ಮಾತು ಅಷ್ಟೇ ಎಂದೆ. "ನೀನು ದುಭಾಷಿಯೋ ಅವನ ವಕೀಲನೋ?" ಎಂದರು. ನಿಯಮದಂತೆ ಒಪ್ಪಿಗೆಯ ಪರಿಣಾಮವನ್ನು ಅವನಿಗೆ ವಿವರಿಸಿದರು, ನಾನು ಅನುವಾದಿಸಿದೆ, ಅವನು ಮತ್ತೆ ಅದನ್ನೇ ಹೇಳಿದ. ಗಿಲ್ಟಿ ಎಂದು ದಾಖಲಾಯಿತು. ಒಪ್ಪಿಕೊಂಡ ಮೇಲೆ ಸಾಕ್ಷಿಗಳು ಬೇಕಾಗುವುದಿಲ್ಲ. ಶಿಕ್ಷೆಗೆ ಮೊದಲು ಏನಾದರೂ ಹೇಳುವುದಿದೆಯೇ ಎಂದಾಗ ನಿಂಗರಾಜ ಹೇಳಿದ್ದು ಇದು: "ಪೆಟ್ಟಿಗೆಗೆ ಬೀಗ ಹಾಕ್ಬೇಕಿತ್ತು ಸಾರ್. ಹಾಕ್ಲಿಲ್ಲ. ತಪ್ಪಾಯ್ತು."

ಅವನು ಒಪ್ಪಿಕೊಳ್ಳುತ್ತಿದ್ದ ತಪ್ಪು ಅದು.

ಅದನ್ನೂ ಪದಕ್ಕೆ ಪದ ದಾಟಿಸಿದೆ. ಇಂಥ ಮಾತು ಬಂದರೆ ನಿಲ್ಲಿಸಿ, ಗಿಲ್ಟಿ ಎಂಬುದನ್ನು ಹೊಡೆದು, ಸಾಕ್ಷಿ ಕರೆದು ವಿಚಾರಣೆ ಮಾಡಬೇಕೆಂಬ ನಿಯಮವಿದೆ. ಒಳ್ಳೆಯ ಅಧಿಕಾರಿಗಳು ಹಾಗೆ ಮಾಡಿದ್ದನ್ನು ಬೇರೆ ಕಡೆ ನೋಡಿದ್ದೇನೆ. ಅಂದು ಹಾಗಾಗಲಿಲ್ಲ. ಕೆಲಸದಿಂದ ವಜಾ, ಜೊತೆಗೆ ಜೈಲು. ಗಡಿಯಾರವನ್ನು ನಿಂಗರಾಜನೇ ಕದ್ದಿರಬಹುದು. ಕದ್ದಿರಲಿಲ್ಲ ಎಂದು ನಾನು ಹೇಳಲಾರೆ. ಆ ಕೋಣೆಯಲ್ಲಿ ಅದು ಗೊತ್ತಾಗಲಿಲ್ಲ ಎಂದಷ್ಟೇ ಹೇಳಬಲ್ಲೆ. ಆಮೇಲೆ ನನಗೆ ಬೇರೆ ಊರಿಗೆ ವರ್ಗವಾಯಿತು. ಮೇಲಿನವರು ಆ ಪ್ರಕರಣವನ್ನು ನೋಡಿದಾಗ ಏನು ಮಾಡಿದರೋ ತಿಳಿಯದು.

ಇದನ್ನು ಜಯಮ್ಮನಿಗೆ ಹೇಳಿದೆ. ಅವರು ಪೂರ್ತಿ ಕೇಳಿ, "ಅವನು ಕದ್ದಿದ್ದ. ನನ್ ಮಗ ಕದ್ದಿಲ್ವಲ್ಲ" ಎಂದರು.

"ಅದೇ ಅಮ್ಮ ಅಂಕಲ್ ಹೇಳ್ತಿರೋದು" ಎಂದಳು ಚೈತ್ರಾ. "ಅವನು ತಪ್ಪಾಯ್ತು ಅನ್ಬಾರ್ದು. ಎದುರು ನಿಂತು ಮಾತಾಡ್ಬೇಕು. ಫೋನ್ ಎತ್ಕೊಂಡವರ ಹೆಸರು ಹೇಳಿ, ಅವರನ್ನ ಕರೆಸಿ ನೀರಿಳಿಸ್ಬೇಕು."

"ನಿನ್ನ ಸೀರೀಸಿನ ಮೇಜರ್ ಥರ?" ಎಂದೆ.

ಮಾದೇವನ ಆರೋಪಕ್ಕೂ ಸಾಮಾನ್ಯವಾಗಿ ನಡೆಯುವುದು ನಿಂಗರಾಜನಿಗೆ ನಡೆದಂಥ ಕೋರ್ಟೇ. ಸಮರಿ ಕೋರ್ಟ್ ಮಾರ್ಷಲ್‌ನಲ್ಲಿ ಆರೋಪಿಯ ಜೊತೆ ಒಬ್ಬ ಸಹಾಯಕ ಇರಬಹುದು. ಕಿವಿಯಲ್ಲಿ ಸಲಹೆ ಹೇಳಬಹುದು, ಆದರೆ ನ್ಯಾಯಾಲಯದ ಮುಂದೆ ಬಾಯಿ ತೆರೆಯುವಂತಿಲ್ಲ ಎಂದು ವಿವರಿಸಿದೆ.

"ಹಾಗಾದ್ರೆ ಅವನ ಪರ ಮಾತಾಡೋರು ಯಾರು?"

"ಅವನೇ."

ಅಣ್ಣ ಮಾತಿನಲ್ಲಿ ಎಷ್ಟು ಹಿಂದೆ ಎಂಬುದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ಲ್ಯಾಪ್‌ಟಾಪ್ ಮುಚ್ಚಿದಳು.

ಮರುದಿನ ಸಂಜೆ ಅವನ ಫೋನ್ ಬಂತು. ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟೆವು. ನಾನು ಹೇಳಿದೆ: "ಸುಳ್ಳು ಹೇಳು ಅಂತ ಯಾರೂ ಹೇಳ್ತಿಲ್ಲ ಮಾದೇವ. ಆರೋಪದಲ್ಲಿ 'ಸಾಕಷ್ಟು ಕಾರಣವಿಲ್ಲದೆ' ಅಂತ ಒಂದು ಮಾತಿದೆ. ನೀನು ಗಿಲ್ಟಿ ಅಂದ್ರೆ ಕಾರಣ ಇರಲಿಲ್ಲ ಅಂತ ಒಪ್ಪಿದ ಹಾಗೆ. ನಿನಗೆ ಕಾರಣ ಇತ್ತಾ, ಇಲ್ವಾ?"

"ಇತ್ತು ಸಾರ್. ಅಪ್ಪ ಇದ್ದ ಸ್ಥಿತಿ ನೀವೇ ನೋಡಿದ್ರಲ್ಲ."

"ಸರಿ. ಈಗ ನಾನು ನಿನ್ನ ಸಿ.ಓ. ಅಂದ್ಕೋ. ಗಿಲ್ಟಿ ಯಾ ನಾಟ್ ಗಿಲ್ಟಿ?"

"ಗಲ್ತಿ ಹೋ ಗಯಾ ಸಾಬ್."

ಚೈತ್ರಾ ಹಣೆ ಹಿಡಿದುಕೊಂಡಳು. ಮತ್ತೆ ಕೇಳಿದೆ. ಮತ್ತೆ ಅದೇ ಬಂತು. ಇಷ್ಟು ವರ್ಷ ಹಿಂದಿ ಮಾತಾಡುವವನು, ಅರ್ಥ ಗೊತ್ತಿಲ್ಲದೆ ಹೇಳುತ್ತಿರಲಿಲ್ಲ. ಸಾಹೇಬರ ಧ್ವನಿ ಕೇಳಿದ ಕೂಡಲೇ ಅವನ ನಾಲಿಗೆ ತಾನಾಗಿ ಆ ಕಡೆ ಹೊರಳುತ್ತಿತ್ತು.

"ಸಾರ್, ನಾಟ್ ಗಿಲ್ಟಿ ಅಂದ್ರೆ ಸಿ.ಓ. ಸಾಹೇಬ್ರಿಗೆ ನೀವು ಸುಳ್ಳುಗಾರರು ಅಂದಂಗಾಗಲ್ವಾ?"

"ಆಗಲ್ಲ ಕಣೋ. ನನ್ನ ಕಾರಣ ಕೇಳಿ ಅಂತ ಅಷ್ಟೇ ಅದರ ಅರ್ಥ."

"ಅಂಗೆಲ್ಲಾ ಎಂಗಾಯ್ತದೆ?" ಎಂದು ಜಯಮ್ಮ ನಡುವೆ ಬಂದರು. "ದೊಡ್ಡೋರ ಮುಂದೆ ನಂದೇನೂ ತಪ್ಪಿಲ್ಲ ಅಂತ ನಿಂತ್ಕೊಂಡ್ರೆ ಯಾರಿಗ್ ತಾನೆ ಸಿಟ್ಟು ಬರಲ್ಲ? ಆಸ್ಟೆಲ್‌ನಲ್ಲಿ ಸಾಂಬಾರು ತಳ ಹಿಡಿದ್ರೆ ನಾನು ಮೊದ್ಲು ತಪ್ಪಾಯ್ತು ಅಂತೀನಿ. ಒಲೆ ಸರಿ ಇಲ್ದಿದ್ರೂ ಅಂತೀನಿ. ಅಂಗಂದಿದ್ದಕ್ಕೇ ಅಲ್ವಾ ಇಷ್ಟು ವರ್ಷ ಕೆಲ್ಸ ಉಳ್ಕೊಂಡಿರೋದು?"

ಅವರ ಅನುಭವ ಸುಳ್ಳಲ್ಲ. ಆ ಮಾತು ಅಡುಗೆಮನೆಯಲ್ಲಿ ಸಿಟ್ಟನ್ನು ಇಳಿಸುತ್ತದೆ. ಆ ಕೋಣೆಯಲ್ಲಿ ಅದೇ ಮಾತು ಸಾಕ್ಷಿಗಳನ್ನು ವಾಪಸು ಕಳಿಸುತ್ತದೆ. ಎರಡೂ ಒಂದೇ ಮಾತು ಎಂದು ನಂಬಿ ಬೆಳೆದವರಿಗೆ ಇದನ್ನು ಹೇಗೆ ತಿಳಿಸಬೇಕು ಎಂದು ಇಡೀ ಸೇವೆಯಲ್ಲಿ ನನಗೆ ಹೊಳೆಯಲಿಲ್ಲ. ನಾನು ಸುಮ್ಮನೆ ಪಾಠ ಮುಂದುವರಿಸಿದೆ. ವಿಚಾರಣೆಯ ತನಕ ಪ್ರತಿ ಸಂಜೆ ಅವನು ಫೋನ್ ಮಾಡುತ್ತಿದ್ದ. ಆಸ್ಪತ್ರೆಯ ಕಾಗದಗಳ ಪ್ರತಿಗಳನ್ನು ಚೈತ್ರಾ ಕಳಿಸಿದಳು. ಫೋನಿನಲ್ಲಿ ಮಾತಾಡಿದವರನ್ನು ಸಾಕ್ಷಿಯಾಗಿ ಕರೆಸಲು ಕೇಳು, ನೀರಿಳಿಸಲು ಅಲ್ಲ ಎಂದು ಹೇಳಿಕೊಟ್ಟೆ. ಜಯಮ್ಮ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಅವರು ಬೇರೆ ಹೊತ್ತಿನಲ್ಲಿ ಅವನಿಗೆ ಫೋನ್ ಮಾಡಿ ಏನು ಹೇಳುತ್ತಾರೋ ಎಂಬುದೇ ನನ್ನ ಚಿಂತೆಯಾಗಿತ್ತು.

ವಿಚಾರಣೆಯ ದಿನ ಫೋನ್ ಶಬ್ದ ಮಾಡುವ ಸ್ಥಿತಿಯಲ್ಲಿದೆಯೇ ಎಂದು ಮತ್ತೆ ಮತ್ತೆ ನೋಡಿದೆ. "ನೀವೇ ಹೋಗಿ ನಿಂತ್ಕೊಳ್ಳೋ ಹಾಗೆ ಆಡ್ತೀರಲ್ಲ" ಎಂದು ನನ್ನ ಹೆಂಡತಿ ಅಂದಳು. ಆಮೇಲೆ ಅವಳೂ ಬಂದು ಪಕ್ಕದಲ್ಲಿ ಕೂತಳು. ನಾನು ಆ ಕೋಣೆಯಲ್ಲಿ ನಿಂತದ್ದೆಲ್ಲ ಪ್ರಮಾಣ ಮಾಡಿ, ಒಂದು ಮಾತನ್ನೂ ಸೇರಿಸದೆ. ಈ ಸಲ ಮಾತು ಸೇರಿಸಿದ್ದೆ. ಅದು ಸರಿಯಾಗದಿದ್ದರೆ ಹೊರೆ ಹೊರುವವನು ಬೇರೆಯವನು.

ಸಂಜೆ ಮಾದೇವನ ಫೋನ್ ಬಂತು. ಎಲ್ಲರೂ ಸುತ್ತ ನಿಂತೆವು.

"ನಾಟ್ ಗಿಲ್ಟಿ ಅಂದೆ ಸಾರ್."

"ಸಾಹೇಬ್ರು ಸಿಟ್ಟಾದ್ರಾ?" ಎಂದರು ಜಯಮ್ಮ.

"ಇಲ್ಲಮ್ಮ. ಸರಿ ಅಂತ ಬರ್ಕೊಂಡ್ರು. ಫೋನ್ ಎತ್ಕೊಂಡವರನ್ನ ಕರೆಸಿದ್ರು. ಹೌದು, ಇವನು ರಜಾ ಕೇಳಿದ್ದ ಅಂತ ಅವ್ರು ಒಪ್ಕೊಂಡ್ರು. ಆಸ್ಪತ್ರೆ ಕಾಗದ ನೋಡಿದ್ರು."

"ಆಮೇಲೆ?"

"ಅಪ್ಪ ಆಸ್ಪತ್ರೇಲಿ ಇರೋವರ್ಗೂ ಕಾರಣ ಇತ್ತು ಅಂದ್ರು. ಮನೆಗೆ ಬಂದ್ಮೇಲೂ ಯಾಕೆ ಉಳ್ಕೊಂಡೆ, ಅದಕ್ಕೆ ಏನು ಆಧಾರ ಅಂದ್ರು. ಏನೂ ಇರ್ಲಿಲ್ಲ ನನ್ನತ್ರ. ಪಟ್ಟಿ ಎರಡೂ ಹೋಯ್ತು ಸಾರ್. ಮತ್ತೆ ಸಿಪಾಯಿ. ಕೆಲಸ ಉಳೀತು."

ಕೆಲಸ ಉಳಿಯಿತು ಎಂಬುದನ್ನು ಹಿಡಿದುಕೊಂಡು ಚೈತ್ರಾ ಅಳತೊಡಗಿದಳು. ನಾವೆಲ್ಲ ಕೂತೆವು. ಫೋನ್ ಇಟ್ಟ ಮೇಲೆ ಜಯಮ್ಮ ಮಾತ್ರ ನಿಂತೇ ಇದ್ದರು.

"ಮನೇಗ್ ಬಂದ್ಮೇಲೆ ಯಾಕೆ ಉಳ್ಕೊಂಡ ಅಂತ ಅವ್ರಿಗೆ ಗೊತ್ತಾಗ್ಲಿಲ್ವಾ ಸುಬೇದಾರಣ್ಣ?"

"ಅವನು ಹೇಳಿದ್ದಾನೆ. ಬೇರೆ ಯಾರೂ ಹೇಳೋರು ಇರಲಿಲ್ಲ."

"ನಾನಿದ್ನಲ್ಲ. ನಾನ್ ನೋಡಿದ್ದೀನಿ. ನಾನ್ ಹೇಳಿದ್ರೆ ಆಯ್ತಿರ್ಲಿಲ್ವಾ?"

ಆಗುತ್ತಿತ್ತು. ಬರೆದು ಕಳಿಸಬಹುದಿತ್ತು, ಸಾಕ್ಷಿಯಾಗಿ ಕರೆಸಲು ಕೇಳಬಹುದಿತ್ತು. ಅಷ್ಟು ಸಂಜೆಗಳು ಅವರು ನನ್ನ ಬಾಗಿಲಲ್ಲೇ ನಿಂತಿದ್ದರು. ಅವರು ಮಗನಿಗೆ ಹೇಳಿಕೊಡುವ ಆ ಒಂದು ಮಾತಿಗೆ ಹೆದರಿ, ಅವರನ್ನು ನಾನು ಅಪಾಯವೆಂದು ಎಣಿಸಿದ್ದೆ. ಸಾಕ್ಷಿಯೆಂದು ಎಣಿಸಿರಲಿಲ್ಲ. ಚೈತ್ರಾಳೂ ಎಣಿಸಿರಲಿಲ್ಲ.

"ಆಗ್ತಿತ್ತು ಜಯಮ್ಮ," ಎಂದೆ. "ತೀರ್ಪಿನ ಮೇಲೆ ಮೇಲಿನವರಿಗೆ ಅರ್ಜಿ ಕೊಡೋ ಹಕ್ಕು ಅವನಿಗಿದೆ. ಅದರ ಜೊತೆ ನಿಮ್ಮ ಮಾತು ಕಳಿಸೋಣ. ಏನಾಗುತ್ತೋ ಹೇಳಲಾರೆ."

ಅವರು ಆಗ ಕೂತರು. ಚೈತ್ರಾ ಮುಖ ಒರೆಸಿಕೊಂಡು ಒಂದು ಹಾಳೆ ತೆಗೆದುಕೊಂಡಳು. "ಹೇಳಮ್ಮ" ಎಂದಳು. ಏನು ಬರೆಯಬೇಕು, ಹೇಗೆ ಶುರು ಮಾಡಬೇಕು ಎಂದು ನನ್ನನ್ನು ನೋಡಿದಳು. ಅವರು ಹೇಳಿದ ಹಾಗೇ ಬರಿ ಎಂದೆ.

ಜಯಮ್ಮ ಶುರು ಮಾಡಿದರು.

"ಅವರಪ್ಪನ ಭಾರ ನನ್ ಕೈಲಿ ಎತ್ತಕ್ಕಾಯ್ತಿರ್ಲಿಲ್ಲ. ಅದನ್ನ ಮೊದ್ಲು ಬರ್ಕೊ."